ಕಾಗದದ ಮೇಲೆ ನಿಲ್ಲುವ ಗೆರೆ ಟ್ಯಾಬ್ಲೆಟ್‌ನಲ್ಲಿ ಯಾಕೆ ನಡುಗುತ್ತದೆ?

ಪ್ರಶ್ನೆ: ನನಗೆ 31 ವರ್ಷ. ಶಿರಸಿ ಹತ್ತಿರದ ಊರು, ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಚಿಕ್ಕಂದಿನಿಂದ ಪೆನ್ಸಿಲ್, ಇಂಕ್, ವಾಟರ್ ಕಲರ್‌ನಲ್ಲಿ ಚಿತ್ರ ಬಿಡಿಸುತ್ತೇನೆ. ಮಕ್ಕಳ ಕತೆಗಳಿಗೆ ಚಿತ್ರ ಬರೆಯುವ ಆಸೆ. ಈಗೆಲ್ಲ ಕಂಪ್ಯೂಟರ್‌ನಲ್ಲೇ ಮಾಡುತ್ತಾರೆ ಅಂತ ಮೂರು ತಿಂಗಳ ಹಿಂದೆ ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ತಗೊಂಡೆ. ಒಂದು ಗೆರೆಯೂ ನೆಟ್ಟಗೆ ಬರುತ್ತಿಲ್ಲ, ಒಂದನೇ ಕ್ಲಾಸಿನ ಮಗು ಬರೆದ ಹಾಗಿರುತ್ತದೆ. ಕಾಗದ ಪೂರ್ತಿ ಬಿಟ್ಟರೆ ಮಾತ್ರ ಇದು ಕೈಗೆ ಹತ್ತುತ್ತದೆ ಅಂತ ತಮ್ಮ ಹೇಳುತ್ತಾನೆ. ಹೌದಾ? ಯಾವ ಸಾಫ್ಟ್‌ವೇರ್ ಕಲಿಯಲಿ? ಕೋರ್ಸ್ ಸೇರಬೇಕಾ? ಅಥವಾ ಟ್ಯಾಬ್ಲೆಟ್ ಮಾರಿಬಿಡಲಾ?

ಉತ್ತರ: ಮಾರಬೇಡಿ. ಕಾಗದವನ್ನೂ ಬಿಡಬೇಡಿ. ತಮ್ಮ ಹೇಳಿದ್ದು ಹೇಗಿದೆ ಅಂದರೆ, ಈಜು ಕಲಿಯಬೇಕಾದರೆ ಮೊದಲು ನಡೆಯುವುದು ಬಿಡು ಅಂದ ಹಾಗಿದೆ. ಪತ್ರಿಕೆಗಳಿಗೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಂಡೇ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಇವತ್ತಿಗೂ ನನ್ನ ಮೇಜಿನ ಮೇಲೆ ಟ್ಯಾಬ್ಲೆಟ್ ಪಕ್ಕದಲ್ಲೇ ಇಂಕ್ ಬಾಟಲಿ ಇರುತ್ತದೆ. ಒಂದು ಸಲ ಅದು ಇದರ ಮೇಲೆ ಉರುಳಿದ್ದೂ ಉಂಟು.

ಮೊದಲು ಗೆರೆಯ ವಿಷಯ. ನಿಮ್ಮ ಕೈ ಕೆಟ್ಟಿಲ್ಲ. ಕಾಗದದಲ್ಲಿ ಕಣ್ಣೂ ಕೈಯೂ ಒಂದೇ ಕಡೆ ಇರುತ್ತವೆ, ನಿಮ್ಮ ಟ್ಯಾಬ್ಲೆಟ್‌ನಲ್ಲಿ ಕೈ ಮೇಜಿನ ಮೇಲೆ, ಕಣ್ಣು ಸ್ಕ್ರೀನ್ ಮೇಲೆ. ಅಷ್ಟೇ ಅಲ್ಲ. ಸಣ್ಣ ಟ್ಯಾಬ್ಲೆಟ್‌ನಲ್ಲಿ ಬರೆಯುವ ಜಾಗ ಸುಮಾರು 6 ಇಂಚು ಅಗಲ, 4 ಇಂಚು ಎತ್ತರ. ನಿಮ್ಮ ಲ್ಯಾಪ್‌ಟಾಪ್ 15.6 ಇಂಚಿನದಾದರೆ ಅದರ ಅಗಲ ಹದಿಮೂರೂವರೆ ಇಂಚಿನ ಹತ್ತಿರ. ಅಂದರೆ ಕೈ 1 ಇಂಚು ಸರಿದರೆ ಸ್ಕ್ರೀನ್‌ನಲ್ಲಿ ಗೆರೆ ಎರಡು ಇಂಚಿಗಿಂತ ಜಾಸ್ತಿ ಓಡುತ್ತದೆ. ಕಾಗದದಲ್ಲಿ ಯಾರಿಗೂ ಕಾಣದ ನಡುಕ ಇಲ್ಲಿ ಎರಡರಷ್ಟಾಗಿ ಕಾಣುತ್ತದೆ. ಯಾರ ಕೈ ಆದರೂ ಅಷ್ಟೇ.

ಈಗ ಒಂದು ಪರೀಕ್ಷೆ ಮಾಡಿ. ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಟ್ಯಾಬ್ಲೆಟ್ ಮೇಲಿಟ್ಟು ಅದರ ಸುತ್ತ ಪೆನ್ನು ಓಡಿಸಿ. (ನಾಣ್ಯ ಬೇಡ, ಲೋಹ ಇದ್ದರೆ ಪೆನ್ನಿನ ಸಿಗ್ನಲ್ ಆಚೀಚೆ ಆಗಬಹುದು.) ಸ್ಕ್ರೀನ್‌ನಲ್ಲಿ ದುಂಡಗೆ ಬಂತಾ, ಇಲ್ಲ ಕೋಳಿಮೊಟ್ಟೆ ಅಡ್ಡ ಮಲಗಿದ ಹಾಗೆ ಬಂತಾ? ಮೊಟ್ಟೆ ಬಂದಿದ್ದರೆ ಮೂರು ತಿಂಗಳ ಕಷ್ಟಕ್ಕೆ ಅರ್ಧ ಕಾರಣ ಸಿಕ್ಕಿತು. ಟ್ಯಾಬ್ಲೆಟ್‌ನ ಅಗಲ-ಎತ್ತರದ ಲೆಕ್ಕ ಒಂದು, ಸ್ಕ್ರೀನ್‌ನದು 16ಕ್ಕೆ 9. ಡ್ರೈವರ್, ಅಂದರೆ ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್, ಎರಡನ್ನೂ ಎಳೆದು ಹೊಂದಿಸಿಬಿಡುತ್ತದೆ. ನೀವು ದುಂಡಗೇ ಬರೆಯುತ್ತೀರಿ, ಅದು ಉದ್ದ ಮಾಡುತ್ತದೆ, ನೀವು ಮತ್ತೆ ತಿದ್ದುತ್ತೀರಿ. ಇನ್ನು ಕೈ ಕೂರುವುದು ಹೇಗೆ? ಟ್ಯಾಬ್ಲೆಟ್ ಜೊತೆ ಬಂದ ಸಾಫ್ಟ್‌ವೇರ್ ತೆರೆದು, ಬರೆಯುವ ಜಾಗವನ್ನು ಸ್ಕ್ರೀನಿನ ಅಳತೆಗೆ ಹೊಂದಿಸುವ ಆಯ್ಕೆ ಹುಡುಕಿ. ಕೆಲವದರಲ್ಲಿ 'ಫೋರ್ಸ್ ಪ್ರಪೋರ್ಷನ್ಸ್' ಅಂತ ಇರುತ್ತದೆ. ಕೆಳಗೆ ಸ್ವಲ್ಪ ಜಾಗ ಕೆಲಸಕ್ಕೆ ಬಾರದೆ ಹೋಗುತ್ತದೆ, ಹೋಗಲಿ ಬಿಡಿ. ಮತ್ತೆ ಮುಚ್ಚಳ ಇಟ್ಟು ನೋಡಿ.

ಎರಡನೆಯದು ಜಾರುವುದು. ಕಾಗದಕ್ಕೆ ಸ್ವಲ್ಪ ತರಿ ಇರುತ್ತದೆ, ಪೆನ್ಸಿಲ್ಲನ್ನು ಅದು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಿಡಿಯುವುದಿಲ್ಲ. ಒಂದು ಸಾದಾ ಎ4 ಹಾಳೆಯನ್ನು ಅಳತೆಗೆ ಕತ್ತರಿಸಿ ನಾಲ್ಕೂ ಮೂಲೆಗೆ ಟೇಪ್ ಹಚ್ಚಿ ಟ್ಯಾಬ್ಲೆಟ್ ಮೇಲೆ ಅಂಟಿಸಿ. ಪೆನ್ನು ಹಾಳೆಯ ಮೂಲಕವೂ ಕೆಲಸ ಮಾಡುತ್ತದೆ. ತುದಿ ಬೇಗ ಸವೆಯುತ್ತದೆ, ಆ ಮಾತು ಕೊನೆಗೆ ಹೇಳುತ್ತೇನೆ. ಇದು ಪುಕ್ಕಟೆ ಉಪಾಯ, ಆದರೆ ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಅರ್ಧ ಜನ ಇದರಿಂದಲೇ ಸುಧಾರಿಸಿದ್ದಾರೆ.

ಇನ್ನು ಗೆರೆ ಎಲ್ಲ ಕಡೆ ಒಂದೇ ದಪ್ಪ ಬರುತ್ತಿದ್ದರೆ ಪೆನ್ನಿನ ಒತ್ತಡ ಸಾಫ್ಟ್‌ವೇರ್‌ಗೆ ತಲುಪುತ್ತಿಲ್ಲ ಅಂತ ಅರ್ಥ. ವಿಂಡೋಸ್‌ನಲ್ಲಿ ಈ ತೊಂದರೆ ಸಾಮಾನ್ಯ. ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಟ್ಯಾಬ್ಲೆಟ್ ಪುಟಕ್ಕೆ ಹೋಗಿ 'ವಿನ್‌ಟ್ಯಾಬ್' ಇದ್ದರೆ 'ವಿಂಡೋಸ್ ಇಂಕ್' ಮಾಡಿ, 'ವಿಂಡೋಸ್ ಇಂಕ್' ಇದ್ದರೆ 'ವಿನ್‌ಟ್ಯಾಬ್' ಮಾಡಿ, ಮುಚ್ಚಿ ಮತ್ತೆ ತೆರೆಯಿರಿ. ಎರಡರಲ್ಲಿ ಒಂದು ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಡಬ್ಬದ ಮೇಲೆ 8192 ಒತ್ತಡದ ಮಟ್ಟ ಅಂತೆಲ್ಲ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ಸೂಕ್ಷ್ಮ ನನ್ನ ಕೈಗೂ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಮುಖ್ಯ ಪ್ರಶ್ನೆ. ಕಾಗದವಾ, ಕಂಪ್ಯೂಟರಾ? ಒಂದು ಚಿತ್ರ ಅಂದರೆ ಒಂದೇ ಕೆಲಸ ಅಲ್ವಲ್ಲ. ಮೊದಲು ಕಚ್ಚಾ ಸ್ಕೆಚ್, ಆಮೇಲೆ ನೀಟಾದ ಪೆನ್ಸಿಲ್, ಅದರ ಮೇಲೆ ಇಂಕ್, ಕೊನೆಗೆ ಬಣ್ಣ, ತಿದ್ದುಪಡಿ. ಹೊಸಬರು ಮಾಡುವ ತಪ್ಪು ಏನೆಂದರೆ ಖಾಲಿ ಬಿಳಿ ಸ್ಕ್ರೀನ್ ತೆರೆದು ಮೊದಲ ಗೆರೆಯನ್ನೇ ಅಲ್ಲಿ ಎಳೆಯಲು ಹೋಗುವುದು. ಎಲ್ಲಕ್ಕಿಂತ ಕಷ್ಟದ ಕೆಲಸವನ್ನು ಎಲ್ಲಕ್ಕಿಂತ ಹೊಸ ಉಪಕರಣದಲ್ಲಿ! ತಿರುಗಿಸಿಕೊಳ್ಳಿ. ಬಾಲದಿಂದ ಒಳಗೆ ಹೋಗಿ. ಮೊದಲು ಬಣ್ಣ ಮಾತ್ರ ಕಂಪ್ಯೂಟರ್‌ಗೆ ಕೊಡಿ. ಸ್ಕೆಚ್, ಪೆನ್ಸಿಲ್, ಇಂಕ್ ಮೂರೂ ಕಾಗದದಲ್ಲೇ ಇರಲಿ. ಹತ್ತು ಹದಿನೈದು ಚಿತ್ರ ಹೀಗೆ ಮುಗಿಸುವ ಹೊತ್ತಿಗೆ ಪೆನ್ನು ನಿಮಗೆ ಗೊತ್ತಿಲ್ಲದೆಯೇ ಕೈಗೆ ಕೂತಿರುತ್ತದೆ, ಯಾಕೆಂದರೆ ಬಣ್ಣ ತುಂಬುವಾಗ ಕೈ ನಡುಗಿದರೂ ಯಾರೂ ಕೇಳುವುದಿಲ್ಲ. ಆಮೇಲೆ ಪೆನ್ಸಿಲ್ ತನಕ ಕಾಗದ, ಇಂಕ್ ಸ್ಕ್ರೀನ್‌ನಲ್ಲಿ. ಸ್ಕೆಚ್? ಅದು ಸ್ಕ್ರೀನ್‌ಗೆ ಬರದಿದ್ದರೂ ಪರವಾಗಿಲ್ಲ. ನನ್ನದು ಇನ್ನೂ ಬಂದಿಲ್ಲ.

ಹೀಗೆ ಮಾಡಬೇಕಾದರೆ ಕಾಗದದಿಂದ ಕಂಪ್ಯೂಟರ್‌ಗೆ ದಾಟುವ ಸೇತುವೆ ಗಟ್ಟಿ ಇರಬೇಕು. ಅದೇ ಸ್ಕ್ಯಾನಿಂಗ್. ಚಿತ್ರ ಕೆಡುವುದು ಇಲ್ಲೇ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸ್ಕೆಚ್ಚನ್ನು ತೆಳು ನೀಲಿ ಪೆನ್ಸಿಲ್‌ನಲ್ಲಿ ಹಗುರವಾಗಿ ಮಾಡಿ. ಮಕ್ಕಳ ಬಣ್ಣದ ಪೆನ್ಸಿಲ್ ಡಬ್ಬದಲ್ಲಿರುವ ಆಕಾಶನೀಲಿ ಸಾಕು. ಅದರ ಮೇಲೆ ಕಪ್ಪು ಇಂಕ್. ಅಳಿಸುವ ರಬ್ಬರ್ ಮುಟ್ಟಲೇ ಬೇಡಿ, ಇಂಕ್ ಮಾಸುತ್ತದೆ. ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯಿರಿ, ಚಿಕ್ಕದು ಮಾಡಿದಾಗ ಸಣ್ಣ ಪುಟ್ಟ ನಡುಕವೂ ಕುಗ್ಗಿ ಮರೆಯಾಗುತ್ತದೆ. ಇದು ಕಂಪ್ಯೂಟರ್ ಬರುವ ಮೊದಲಿನಿಂದಲೂ ಪತ್ರಿಕೆಯ ಕಲಾವಿದರು ಮಾಡುತ್ತಿದ್ದ ಉಪಾಯ.

ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವುದಾದರೆ ಬಾಯಿಬಿಟ್ಟು ಹೇಳಿ: 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ), ಪಿಡಿಎಫ್ ಬೇಡ, ಟಿಫ್ ಅಥವಾ ಪಿಎನ್‌ಜಿ ಬೇಕು. ಹೇಳದಿದ್ದರೆ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡುವ ಸೆಟ್ಟಿಂಗ್‌ನಲ್ಲೇ ನಿಮ್ಮ ಚಿತ್ರವನ್ನೂ ಮಾಡಿ ಕೊಡುತ್ತಾರೆ. ಎ4 ಹಾಳೆ 600ರಲ್ಲಿ 4960 x 7016 ಪಿಕ್ಸೆಲ್ ಆಗುತ್ತದೆ, 300ರಲ್ಲಿ 2480 x 3508. ಬಣ್ಣ ಹಚ್ಚಲು, ಅಚ್ಚಿಗೆ ಕೊಡಲು 300 ಸಾಕು, ಆದರೆ ಇಂಕ್ ಗೆರೆಗೆ 600ರಲ್ಲಿ ತೆಗೆದು ಆಮೇಲೆ ಇಳಿಸಿದರೆ ಅಂಚು ಚೂಪಾಗಿ ಉಳಿಯುತ್ತದೆ. ಸ್ಕ್ಯಾನರ್ ಸಿಗಲಿಲ್ಲ, ಮಳೆಗಾಲ, ಬಸ್ಸಿಲ್ಲ ಅಂತಾದರೆ ಫೋನಿನಲ್ಲೂ ತೆಗೆಯಬಹುದು. ಮಧ್ಯಾಹ್ನದ ಬಿಸಿಲಲ್ಲಿ ಬೇಡ. ಮೋಡ ಕವಿದ ಹಗಲು ಜಗುಲಿಯಲ್ಲಿ ಹಾಳೆ ಇಟ್ಟು, ಫೋನು ಹಾಳೆಗೆ ಸರಿ ಸಮನಾಗಿ ಹಿಡಿದು, ನಿಮ್ಮ ನೆರಳು ಬೀಳದ ಹಾಗೆ ನಿಂತು ತೆಗೆಯಿರಿ. ತೀರಾ ಹತ್ತಿರ ಹೋಗಬೇಡಿ, ಅಂಚುಗಳು ಬಾಗುತ್ತವೆ. ಸ್ವಲ್ಪ ದೂರದಿಂದ ತೆಗೆದು ಕತ್ತರಿಸಿಕೊಳ್ಳಿ.

ಕಂಪ್ಯೂಟರ್‌ಗೆ ಬಂದ ಚಿತ್ರ ಕೊಳೆ ಬಟ್ಟೆಯ ಹಾಗಿರುತ್ತದೆ, ಗಾಬರಿ ಬೇಡ. ಕ್ರಿಟಾದಲ್ಲಿ ತೆರೆದು ಕಂಟ್ರೋಲ್ ಎಲ್ ಒತ್ತಿ. ಲೆವೆಲ್ಸ್ ಬರುತ್ತದೆ. ಗುಡ್ಡದ ಆಕಾರದ ಒಂದು ನಕ್ಷೆ, ಅದರ ಕೆಳಗೆ ಸಣ್ಣ ತ್ರಿಕೋನಗಳು. ಬಲಗಡೆ ಎದ್ದಿರುವ ದೊಡ್ಡ ಗುಡ್ಡ ನಿಮ್ಮ ಕಾಗದದ ಬಿಳಿ, ಎಡಗಡೆಯ ಸಣ್ಣ ದಿಬ್ಬ ನಿಮ್ಮ ಇಂಕ್. ಬಲ ತುದಿಯ ತ್ರಿಕೋನವನ್ನು ಗುಡ್ಡ ದಾಟಿಸಿ ಅದರ ಎಡ ಬುಡಕ್ಕೆ ತನ್ನಿ. ಕಾಗದದ ಮಾಸಲು, ನೀಲಿ ಪೆನ್ಸಿಲ್ ಎರಡೂ ಒಟ್ಟಿಗೆ ಮಾಯವಾಗುತ್ತವೆ. ನೋಡಲು ಮಜವಾಗಿರುತ್ತದೆ, ಮೊದಲ ದಿನ ನಾನು ಸುಮ್ನೆ ಹತ್ತು ಸಲ ಆಚೀಚೆ ಎಳೆದು ನೋಡಿದ್ದೆ. ಎಡಗಡೆಯ ಕಪ್ಪು ತ್ರಿಕೋನವನ್ನು ಸ್ವಲ್ಪವೇ ಬಲಕ್ಕೆ ತನ್ನಿ, ಇಂಕ್ ಗಟ್ಟಿಯಾಗುತ್ತದೆ. ಜಾಸ್ತಿ ಎಳೆದರೆ ಕುಂಚದ ಒಣ ಗೆರೆಯ ಚಂದವೆಲ್ಲ ಹೋಗಿ ಡಾಂಬರು ಸುರಿದ ಹಾಗಾಗುತ್ತದೆ.

ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ. ಈಗ ಈ ಲೇಯರ್‌ನ ಮೋಡ್ ಮಲ್ಟಿಪ್ಲೈ ಮಾಡಿ, ಕೆಳಗೆ ಹೊಸ ಲೇಯರ್ ಹಾಕಿ ಅದರಲ್ಲಿ ಬಣ್ಣ ತುಂಬಿ. ಬಿಳಿ ಪಾರದರ್ಶಕವಾಗಿ, ಗೆರೆ ಮೇಲೆ ಉಳಿಯುತ್ತದೆ. ಇನ್ನೊಂದು ದಾರಿ, ನನಗೆ ಹೆಚ್ಚು ಇಷ್ಟವಾದದ್ದು, ಫಿಲ್ಟರ್ ಮೆನುವಿನ 'ಕಲರ್ ಟು ಆಲ್ಫಾ'. ಬಿಳಿಯನ್ನೇ ತೆಗೆದುಹಾಕಿ ಬರೀ ಗೆರೆ ಉಳಿಸುತ್ತದೆ. ಆಮೇಲೆ ಲೇಯರ್‌ನ ಆಲ್ಫಾ ಲಾಕ್ ಮಾಡಿದರೆ, ಅಂದರೆ ಖಾಲಿ ಜಾಗಕ್ಕೆ ಬಣ್ಣ ತಾಗದ ಹಾಗೆ ಬೀಗ ಹಾಕಿದರೆ, ಗೆರೆಗೇ ಬಣ್ಣ ಬಳಿಯಬಹುದು. ಮಗುವಿನ ಕೆನ್ನೆಯ ಗೆರೆಯನ್ನು ಕಪ್ಪಿನಿಂದ ಕೆಂಗಂದು ಮಾಡಿ ನೋಡಿ, ಮುಖ ತಟ್ಟನೆ ಮೃದುವಾಗುತ್ತದೆ. ಬಕೆಟ್ ಉಪಕರಣದಿಂದ ತುಂಬುವಾಗ ಗೆರೆಯ ಪಕ್ಕ ಬಿಳಿ ಕೂದಲಿನಂಥ ಅಂಚು ಉಳಿಯುತ್ತದೆ ಅಲ್ವಾ? ಆ ಉಪಕರಣದ ಆಯ್ಕೆಗಳಲ್ಲಿ 'ಗ್ರೋ' ಅಂತ ಇದೆ, ಅದನ್ನು 2 ಅಥವಾ 3 ಪಿಕ್ಸೆಲ್ ಮಾಡಿ. ಬಣ್ಣ ಗೆರೆಯ ಅಡಿಗೆ ನುಗ್ಗಿ ಕೂರುತ್ತದೆ.

ಬಣ್ಣದ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟು ಹೇಳಲೇಬೇಕು. ಶುರುವಿನ ದಿನಗಳಲ್ಲಿ ಒಂದು ಮಕ್ಕಳ ಪುಸ್ತಕಕ್ಕೆ ಮುಖಪುಟ ಮಾಡಿದ್ದೆ. ನಾಟಿ ಆದ ಗದ್ದೆ, ನಡುವೆ ಬೆಳ್ಳಕ್ಕಿ. ಸ್ಕ್ರೀನ್ ಮೇಲೆ ಆ ಹಸಿರು ಕಣ್ಣು ಕುಕ್ಕುವ ಹಾಗಿತ್ತು, ಎಲ್ಲರಿಗೂ ತೋರಿಸಿಕೊಂಡು ಬಂದಿದ್ದೆ. ಅಚ್ಚಾಗಿ ಬಂದಾಗ ಗದ್ದೆ ಬಾಡಿದ ಬಸಳೆ ಸೊಪ್ಪಿನ ಬಣ್ಣ. ಪ್ರೆಸ್‌ನವರ ಜೊತೆ ಜಗಳ ಆಡಿದೆ, ತಪ್ಪು ನನ್ನದೇ. ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಶಾಯಿಯಿಂದ. ಎಳೆ ಹಸಿರು, ಮಿಂಚುವ ನೀಲಿ, ಕಿತ್ತಳೆ ಇವೆಲ್ಲ ಶಾಯಿಗೆ ಎಟುಕುವುದಿಲ್ಲ. ಕ್ರಿಟಾದಲ್ಲಿ ಕಂಟ್ರೋಲ್ ವೈ ಒತ್ತಿದರೆ ಸಾಫ್ಟ್ ಪ್ರೂಫಿಂಗ್ ಅಂತ ಬರುತ್ತದೆ, ಅಚ್ಚಿನಲ್ಲಿ ಬಣ್ಣ ಹೇಗೆ ಇಳಿಯುತ್ತದೆ ಅಂತ ಅಂದಾಜು ತೋರಿಸುತ್ತದೆ. ಬಣ್ಣ ಆಯುವಾಗಲೇ ನೋಡಿಕೊಳ್ಳಿ, ಮುಗಿದ ಮೇಲೆ ಅಲ್ಲ. ಇಲ್ಲಿ ನಿಮಗೆ ವಾಟರ್ ಕಲರ್ ಗೊತ್ತಿರುವುದು ದೊಡ್ಡ ಲಾಭ. ಹಳದಿಗೆ ಎಷ್ಟು ನೀಲಿ ಸೇರಿಸಿದರೆ ಯಾವ ಹಸಿರು, ಯಾವಾಗ ಕೊಳೆಯಾಗುತ್ತದೆ ಅನ್ನುವುದು ಕೈಗೆ ಗೊತ್ತು. ಸ್ಕ್ರೀನ್‌ನಲ್ಲೇ ಹುಟ್ಟಿದವರು ಲಕ್ಷಗಟ್ಟಲೆ ಬಣ್ಣದ ಚಕ್ರದ ಮುಂದೆ ಕೂತು ಒದ್ದಾಡುತ್ತಾರೆ. ಒಂದು ಚಿತ್ರಕ್ಕೆ ಐದಾರು ಬಣ್ಣ ಕಾಗದದ ಮೇಲೆ ಕಲಸಿ, ಒಣಗಿಸಿ, ಸ್ಕ್ಯಾನ್ ಮಾಡಿ ಅಲ್ಲಿಂದಲೇ ಎತ್ತಿಕೊಳ್ಳಿ.

ಅಂದಹಾಗೆ ಬರೀ ಚಿತ್ರ ಅಲ್ಲ, ಕೈಗೆ ಸಿಕ್ಕಿದ್ದೆಲ್ಲ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಒಣಗಿದ ಅಡಿಕೆ ಹಾಳೆಯ ಒಳಮೈ, ಕೆಮ್ಮಣ್ಣು ಕದಡಿ ಬಳಿದ ಕಾಗದ, ಚಹಾದ ಕಲೆ, ಅಕ್ಕಿ ಚೀಲದ ನೇಯ್ಗೆ. ಇವನ್ನು ಬಣ್ಣದ ಮೇಲೆ ಒಂದು ಲೇಯರ್ ಆಗಿ ಹಾಕಿ, ಮಲ್ಟಿಪ್ಲೈ ಅಥವಾ ಓವರ್‌ಲೇ ಮಾಡಿ, ಇಪ್ಪತ್ತು ಮೂವತ್ತು ಪರ್ಸೆಂಟ್‌ಗೆ ಇಳಿಸಿ. ಕಂಪ್ಯೂಟರ್ ಚಿತ್ರಕ್ಕೆ ಬರುವ ಆ ಪ್ಲಾಸ್ಟಿಕ್ ಹೊಳಪು ಹೋಗುತ್ತದೆ. ಹಣ ಕೊಟ್ಟು ಕೊಳ್ಳುವ ಟೆಕ್ಸ್ಚರ್‌ಗಳು ಎಲ್ಲರ ಹತ್ತಿರವೂ ಇರುತ್ತವೆ, ನಿಮ್ಮ ಅಂಗಳದ ಹಾಳೆ ನಿಮ್ಮ ಹತ್ತಿರ ಮಾತ್ರ.

ಎರಡನೇ ಹಂತಕ್ಕೆ ಬಂದಾಗ, ಅಂದರೆ ಸ್ಕ್ರೀನ್‌ನಲ್ಲಿ ಇಂಕ್ ಮಾಡುವಾಗ, ಒಂದು ಎಚ್ಚರಿಕೆ. ಕಂಟ್ರೋಲ್ ಝಡ್, ಅಂದರೆ ಈಗಷ್ಟೇ ಮಾಡಿದ್ದನ್ನು ಅಳಿಸುವ ಕೀಲಿ. ಒಂದು ಗೆರೆ ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು, ಹೀಗೆ ಒಂದು ಹುಬ್ಬಿಗೆ ಅರ್ಧ ಗಂಟೆ. ಕಡೆಗೆ ಬರುವ ಗೆರೆ ಹೆದರಿದ ಗೆರೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದನ್ನು ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಕೈ ಬೆರಳಿನಿಂದ ಅಲ್ಲ, ಭುಜದಿಂದ ಬರುತ್ತದೆ. ಅಲ್ಲಿ ಕಂಟ್ರೋಲ್ ಝಡ್ ಇಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ, ಕುಣಿಯುವ ಮೈ ನಾಲ್ಕಾರು ಗೆರೆಯಲ್ಲಿ ನಿಂತಿರುತ್ತದೆ. ಲಯ ಮೈಗೆ ಹತ್ತಲಿ ಅಂತ ಅವರು ಕಥಕ್ ಕಲಿತಿದ್ದರು. ನೀವು ಕಥಕ್ ಕಲಿಯಬೇಕಾಗಿಲ್ಲ, ಒಂದು ಗೆರೆಗೆ ಮೂರು ಸಲಕ್ಕಿಂತ ಜಾಸ್ತಿ ಅಳಿಸುವುದಿಲ್ಲ ಅಂತ ನಿಯಮ ಹಾಕಿಕೊಂಡರೆ ಸಾಕು. ನಾಲ್ಕನೇ ಸಲಕ್ಕೆ ಏನು ಬಂತೋ ಅದೇ.

ಕ್ರಿಟಾದಲ್ಲಿ ಬ್ರಷ್‌ಗೆ ಸ್ಟೆಬಿಲೈಜರ್ ಇದೆ, ನಡುಗುವ ಗೆರೆಯನ್ನು ಅದೇ ನೀಟು ಮಾಡುತ್ತದೆ. ಉದ್ದ ಗೆರೆಗೆ ಸ್ವಲ್ಪ ಇಟ್ಟುಕೊಳ್ಳಿ, ಪೂರ್ತಿ ಏರಿಸಬೇಡಿ. ಏರಿಸಿದರೆ ಎಲ್ಲರ ಗೆರೆಯೂ ಒಂದೇ ಥರ ಕಾಣುತ್ತದೆ, ಬೆಣ್ಣೆ ಸವರಿದ ಹಾಗೆ.

ಅಭ್ಯಾಸಕ್ಕೆ ಒಂದೇ ವಸ್ತು ಆರಿಸಿಕೊಳ್ಳಿ. ಅಡಿಗೆ ಮನೆಯ ಮೆಟ್ಟುಗತ್ತಿ ಇದೆಯಲ್ಲ, ಅದು ಒಳ್ಳೆಯದು. ಕತ್ತಿಯ ಬಾಗು, ಮಣೆಯ ಚಪ್ಪಟೆ, ಮರದ ಗೀರು, ಕಬ್ಬಿಣದ ಹೊಳಪು ಎಲ್ಲ ಒಂದರಲ್ಲೇ ಸಿಗುತ್ತವೆ. ವಾರಕ್ಕೆ ಒಂದು ದಿನ ಅದನ್ನೇ ಕಾಗದದಲ್ಲಿ ಹತ್ತು ನಿಮಿಷ, ಕೂಡಲೇ ಟ್ಯಾಬ್ಲೆಟ್‌ನಲ್ಲಿ ಹತ್ತು ನಿಮಿಷ ಬರೆದು ತಾರೀಕು ಹಾಕಿ ಇಡಿ. ಯಾರ ಚಿತ್ರದ ಜೊತೆಯೂ ಹೋಲಿಸಬೇಡಿ. ನಿಮ್ಮ ಎಡ ಬಲ ಎರಡು ಮೆಟ್ಟುಗತ್ತಿಗಳ ನಡುವಿನ ಅಂತರ ಕಡಿಮೆ ಆಗುತ್ತಾ ಇದೆಯಾ ಅಂತ ನೋಡಿ.

ಸಾಫ್ಟ್‌ವೇರ್ ಬಗ್ಗೆ ಆಗಲೇ ಗೊತ್ತಾಗಿರಬೇಕು, ಕ್ರಿಟಾ. ಅದರ ವೆಬ್‌ಸೈಟ್‌ನಲ್ಲಿ ಉಚಿತ, ಚಿತ್ರ ಬರೆಯುವವರಿಗೆಂದೇ ಮಾಡಿದ್ದು. ಫೋಟೋಶಾಪ್ ಒಳ್ಳೆಯದೇ, ಆದರೆ ಬಾಡಿಗೆ ಮನೆ ಇದ್ದ ಹಾಗೆ, ತಿಂಗಳು ತಿಂಗಳು ಕಟ್ಟಬೇಕು. ಪ್ರೊಕ್ರಿಯೇಟ್ ಒಮ್ಮೆ ಕೊಂಡರೆ ಮುಗಿಯಿತು, ಆದರೆ ಐಪ್ಯಾಡ್ ಇದ್ದವರಿಗೆ ಮಾತ್ರ. ಒಂದು ಪುಸ್ತಕದ ಹಣ ಕೈಗೆ ಬಂದ ಮೇಲೆ ಯೋಚಿಸಿ.

ಜೊತೆಗೆ ಇಂಕ್‌ಸ್ಕೇಪ್ ಹಾಕಿಕೊಳ್ಳಿ, ಅದೂ ಉಚಿತ. ಕತೆಯ ಚಿತ್ರಕ್ಕಲ್ಲ, ಕತೆಯ ಹೆಸರಿಗೆ. ಕನ್ನಡ ಶೀರ್ಷಿಕೆ ಹಾಕಲು ಹೋದಾಗ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುವ ಕಷ್ಟ ನಿಮಗೂ ಬರುತ್ತದೆ. ಫೋಟೋಶಾಪ್‌ನಲ್ಲಿ ಅಕ್ಷರಗಳ ಸೆಟ್ಟಿಂಗ್ ಬದಲಿಸದಿದ್ದರೆ 'ಅಕ್ಕ' ಬರೆದರೆ 'ಅಕ್‌ಕ' ಆಗುವುದುಂಟು. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಆದರೆ ಅದಕ್ಕಿಂತ ಚಂದದ ದಾರಿ ಇದೆ: ಹೆಸರನ್ನು ಕುಂಚದಲ್ಲಿ ಕೈಯಾರೆ ಬರೆದು, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನ 'ಟ್ರೇಸ್ ಬಿಟ್‌ಮ್ಯಾಪ್'ಗೆ ಕೊಡಿ. ಅಕ್ಷರ ವೆಕ್ಟರ್ ಆಗುತ್ತದೆ, ಪುಸ್ತಕದ ಬೆನ್ನಿಗೂ ಹಾಕಬಹುದು, ಬ್ಯಾನರ್‌ಗೂ ಹಿಗ್ಗಿಸಬಹುದು, ಒಡೆಯುವುದಿಲ್ಲ. ನುಡಿನಾ, ಯೂನಿಕೋಡಾ ಅಂತ ಡಿಟಿಪಿಯವರ ಜೊತೆ ವಾದ ಮಾಡುವುದೂ ತಪ್ಪುತ್ತದೆ.

ಕೋರ್ಸ್ ಈಗ ಬೇಡ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಇವೆಲ್ಲ ವರ್ಷಗಟ್ಟಲೆ ಕೂತು ಓದುವ ಕಡೆಗಳು, ನೌಕರಿ ಬಿಟ್ಟು ಹೋಗುವ ಮಾತು. ತಿಂಗಳಲ್ಲಿ ಡಿಜಿಟಲ್ ಆರ್ಟಿಸ್ಟ್ ಮಾಡುತ್ತೇವೆ ಅನ್ನುವ ಆನ್‌ಲೈನ್ ಕ್ಲಾಸ್‌ಗಳು ಹೆಚ್ಚಾಗಿ ಮೆನು ತೋರಿಸುತ್ತವೆ, ಮೆನು ನೀವೇ ಕಲಿಯುತ್ತೀರಿ. ಹಣ ಇದ್ದರೆ ಜನವರಿಯಲ್ಲಿ ಚಿತ್ರಸಂತೆಗೆ ಬೆಂಗಳೂರಿಗೆ ಹೋಗಿ ಬನ್ನಿ. ಒಂದು ದಿನ ರಸ್ತೆ ಉದ್ದಕ್ಕೂ ನಡೆದು ಬೇರೆಯವರ ಗೆರೆಯನ್ನು ಹತ್ತಿರದಿಂದ ನೋಡುವುದು ಹತ್ತು ವೀಡಿಯೋಗಿಂತ ಮೇಲು.

ಫೈಲ್ ಉಳಿಸುವುದು ಬೇಗ ಹೇಳಿಬಿಡುತ್ತೇನೆ. ಕೆಲಸದ ಪ್ರತಿ ಕ್ರಿಟಾದ್ದೇ ಫಾರ್ಮ್ಯಾಟ್‌ನಲ್ಲಿ ಇರಲಿ, ಲೇಯರ್‌ಗಳು ಉಳಿಯುತ್ತವೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಕತೆ ಗೊತ್ತೇ ಇದೆ, ಆಟೋಸೇವ್ ಐದು ನಿಮಿಷಕ್ಕೆ ಇಡಿ. ಸಂಪಾದಕರಿಗೆ ಕಳಿಸುವುದು ಟಿಫ್ ಅಥವಾ ಪಿಎನ್‌ಜಿ, 300 ಡಿಪಿಐ. ವಾಟ್ಸಾಪ್‌ನಲ್ಲಿ ಕೇಳಿದರೆ ಫೋಟೋ ಆಗಿ ಕಳಿಸಬೇಡಿ, ಅದು ಹಿಂಡಿ ಸಣ್ಣ ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಇಂಕ್ ಮಾಡಿದ ಮೂಲ ಹಾಳೆಗಳನ್ನು ಎಸೆಯಬೇಡಿ, ಒಂದು ರಟ್ಟಿನ ಫೈಲಿನಲ್ಲಿ ಇಡಿ. ನನ್ನ ಒಂದು ಹಾರ್ಡ್‌ಡಿಸ್ಕ್ ಕೈಕೊಟ್ಟಾಗ ಇಡೀ ಪುಸ್ತಕ ಮತ್ತೆ ಎದ್ದು ಬಂದದ್ದು ಆ ಫೈಲಿನಿಂದಲೇ.

ಇನ್ನು ಪೆನ್ನಿನ ತುದಿ. ಹಾಳೆ ಅಂಟಿಸಿದ ಮೇಲೆ ಕೆಲವು ವಾರಕ್ಕೆ ಅದು ಓರೆಯಾಗಿ ಸವೆದು ಕರಕರ ಅನ್ನಲು ಶುರುವಾಗುತ್ತದೆ. ಟ್ಯಾಬ್ಲೆಟ್ ಬಂದ ಡಬ್ಬ ಹುಡುಕಿ, ಎಸೆದಿಲ್ಲ ತಾನೇ? ಒಳಗೆ ಕೆಲವು ಹೊಸ ತುದಿಗಳೂ ಒಂದು ಸಣ್ಣ ಉಂಗುರವೂ ಇರಬೇಕು, ಕೆಲವದರಲ್ಲಿ ಪೆನ್ನಿನ ಒಳಗೆ ಅಥವಾ ಸ್ಟ್ಯಾಂಡಿನ ಅಡಿಯಲ್ಲಿ ಅಡಗಿಸಿ ಇಟ್ಟಿರುತ್ತಾರೆ. ಉಂಗುರದ ಸೀಳಿಗೆ ಹಳೇ ತುದಿ ಸಿಕ್ಕಿಸಿ ನೇರ ಎಳೆಯಿರಿ, ಹೊಸದನ್ನು ನೇರ ಒತ್ತಿ ಕೂರಿಸಿ. ತಿರುಚಬೇಡಿ.